ಮೋರಿ ಪಕ್ಕ ಕೂತ ಓಂಕಾರಪ್ಪನವರು

ನಮ್ಮ ಓಂಕಾರಪ್ಪನವರದ್ದು ಒಂದೇ ಹಟ. ಕಾರ್ಖಾನೆಗೆ ಹೋದರೆ ಕುರ್ಚಿ ಬೇಡ, ಮಾಲೀಕ ತರಿಸುವ ಸಂದೇಶ್ ಮಿಠಾಯಿ ಬೇಡ. ನೆಟ್ಟಗೆ ಮೋರಿ ಹುಡುಕಿ ಪಕ್ಕದಲ್ಲಿ ಕೂತುಬಿಡುವುದು. ಧಾರವಾಡದವರು. ಕೋಲ್ಕತ್ತದ ಸರ್ಕಾರಿ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಕಾರ್ಖಾನೆಗಳ ಕೊಳಕು ನೀರು ಪರೀಕ್ಷಿಸುತ್ತಿದ್ದಾರೆ. ಅವರ ಹಿಂದೆ ಬಾಟಲಿ ಹೊರುವ ಕರ್ಮ ನನ್ನದು.

ಆವತ್ತು ಹೋದದ್ದು ಹೌರಾದಲ್ಲಿ ಸೈಕಲ್ ಹ್ಯಾಂಡಲ್ಲಿಗೆ ಕ್ರೋಮ್ ಹೊಳಪು ಕೊಡುವ ಕಾರ್ಖಾನೆಗೆ. ಹಳದಿ ನೀರು ಹರಿಯಬೇಕಾದ ಮೋರಿಯಲ್ಲಿ ತಿಳಿನೀರು! ನಮ್ಮನ್ನು ಕಂಡ ಕೂಡಲೇ ಮಾಲೀಕ ಬೋರ್‌ವೆಲ್ ನಲ್ಲಿಯನ್ನು ಮೋರಿಗೆ ಬಿಡಿಸಿದ್ದ. ವಿಷ ತೆಳ್ಳಗಾದರೆ ಪರೀಕ್ಷೆ ಪಾಸು. ಇಂಥ ಕಡೆ ನೀರಿನ ಟ್ಯಾಂಕು ಬರಿದಾಗುವವರೆಗೆ ಕೂತೇ ಗೆಲ್ಲುವವರು ಇವರು. ಆದರೆ ಇಲ್ಲಿ ಪಂಪು ನಿಲ್ಲಲೇ ಇಲ್ಲ. ಐದಕ್ಕೆ ನಮ್ಮ ಲ್ಯಾಬ್ ಮುಚ್ಚುತ್ತದೆ, ಆಗಲೇ ಮೂರೂವರೆ.

"ಸರ್, ನಲ್ಲಿ ನೀವೇ ನಿಲ್ಲಿಸಿಬಿಡಿ!" ಎಂದು ಸಿಡುಕಿದೆ.

"ಏ ಮಾಧವ, ನಾ ಕೈ ಹಚ್ಚಿದ್ರ ಕೋರ್ಟಿನ್ಯಾಗ ಕೇಸ ನಿಲ್ಲಂಗಿಲ್ಲ. ಸುಮ್ನ ಕುಂದರು."

ಮಾಲೀಕ ನಲ್ಲಿ ಕಾಯಲು ನಿಲ್ಲಿಸಿದ್ದು ಚಂಪಾಳನ್ನು. ಒಂಬತ್ತು ವರ್ಷದಿಂದ ಅಲ್ಲಿ ಹ್ಯಾಂಡಲ್ ತೊಳೆಯುವವಳು. ಕೈಗವಸು ಕಂಡವಳಲ್ಲ, ಬೆರಳ ಸಂದಿಗಳಲ್ಲಿ ಮಾಯದ ಹುಣ್ಣು. "ಕಾರ್ಖಾನೆ ಮುಚ್ಚಿಸಿದರೆ ಮೊದಲು ಆರುವುದು ಇವಳ ಒಲೆ" ಎಂದು ನಾವು ಬಂದ ಕೂಡಲೇ ಮಾಲೀಕ ಅವಳನ್ನು ತೋರಿಸಿದ್ದ. ಓಂಕಾರಪ್ಪನವರ ಕಣ್ಣು ಆ ಬೆರಳುಗಳನ್ನು ಬಿಟ್ಟು ಕದಲಲಿಲ್ಲ.

ಮಾಲೀಕ ಫೋನ್ ಬಂತೆಂದು ಒಳಗೆ ಹೋದ. ಚಂಪಾ ಓಂಕಾರಪ್ಪನವರ ಕಡೆ ಬಾಗಿ ಬಂಗಾಳಿಯಲ್ಲಿ ಪಿಸುಗುಟ್ಟಿದಳು.

"ದಾದಾ, ನಿಜವಾದ ನೀರು ಹಿಡಿದರೆ ಏನಾಗುತ್ತದೆ?"

"ಕಾರ್ಖಾನೆಗೆ ಬೀಗ ಬೀಳುತ್ತದೆ."

"ಮತ್ತೆ ತೆಗೆಯುತ್ತಾರಲ್ಲ?"

"ನೀರು ಶುದ್ಧ ಮಾಡುವ ಯಂತ್ರ ಹಾಕಿಸಿದರೆ ತೆಗೆಯಬಹುದು. ಹಾಕಿಸುತ್ತಾನೋ ಇಲ್ಲವೋ, ನನಗೆ ಗೊತ್ತಿಲ್ಲ."

ಅಯ್ಯೋ ಪುಣ್ಯಾತ್ಮ! ತೆಗೆಯುತ್ತಾರೆ ಅಂದಿದ್ದರೆ ನಿಮ್ಮಪ್ಪನ ಗಂಟು ಹೋಗುತ್ತಿತ್ತೇ? ನನಗೆ ಮೈಯೆಲ್ಲ ಉರಿಯಿತು. ಒಳಗೆ ಮಾಲೀಕನ ಮಾತು ಮುಗಿಯಿತು, ಚಪ್ಪಲಿ ಸದ್ದು ಬಾಗಿಲ ಕಡೆಗೇ ಬರುತ್ತಿತ್ತು.

ಚಂಪಾ ನಲ್ಲಿ ನಿಲ್ಲಿಸಿದಳು. ಮೋರಿಯ ನೀರು ನೋಡನೋಡುತ್ತ ಹಳದಿಯಾಯಿತು. ಓಂಕಾರಪ್ಪನವರು ಬಾಟಲಿಯನ್ನು ಮೋರಿಗೆ ಅದ್ದಿದರು.

"ಬರುವ ತಿಂಗಳು ಮಗಳನ್ನೂ ಇಲ್ಲೇ ಸೇರಿಸುವುದಿತ್ತು," ಎಂದಳು. "ಬೇಗ ತುಂಬಿಕೊಳ್ಳಿ ದಾದಾ, ನನ್ನ ಮನಸ್ಸು ಬದಲಾಗುವುದರೊಳಗೆ."