ಹೊಳೆ ಹಿಂದಕ್ಕೆ ಹರಿದ ಮಧ್ಯಾಹ್ನ

ಮೊನ್ನೆ ಕಲಬುರಗಿಯ ಸೂಪರ್ ಮಾರ್ಕೆಟ್ ಬೀದಿಯಲ್ಲಿ ಚಪ್ಪಲಿಯ ಬಾರು ಹೊಲಿಸಲು ನಿಂತಿದ್ದೆ. ಹೊಲಿಯುತ್ತಿದ್ದ ಹಿರಿಯರು ಚಪ್ಪಲಿಯನ್ನು ತಿರುಗಿಸಿ, ಅಂಚಿಗೆ ಹಿಡಿದಿದ್ದ ಬಿಳಿ ಗೆರೆಯನ್ನು ಉಗುರಿನಿಂದ ಕೆರೆದು ನೋಡಿದರು.

“ಇದು ಸುಣ್ಣ ಅಲ್ರಿ ಸಾಹೇಬ್ರ, ಉಪ್ಪು ಅದ. ಎಲ್ಲಿಗಿ ಹೋಗಿದ್ರಿ?”

“ಸಮುದ್ರದ ಕಡಿ.”

“ಹ್ಯಾಂಗಿರ್ತದ್ರಿ ಅದು?”

“ದೊಡ್ಡದಿರ್ತದ” ಎಂದುಬಿಟ್ಟೆ. ನಗಬೇಡಿ, ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಹೊಳೆಯಲಿಲ್ಲ. ಅಲ್ಲಿ ನಾನು ಸಮುದ್ರಕ್ಕಿಂತ ಹೆಚ್ಚಾಗಿ ನನ್ನ ಹೆಂಡತಿಯನ್ನೇ ನೋಡಿಕೊಂಡು ಕೂತಿದ್ದೆ.

ಮಹಾದೇವಿ ಕಮಲಾಪುರದ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ. ಬೆಳಿಗ್ಗೆ ಕಲಬುರಗಿಯಿಂದ ಬಸ್ಸು ಹಿಡಿದು ಹೋಗಿ, ಸಂಜೆ ಬರುವಾಗ ಬ್ಯಾಗಿನಲ್ಲಿ ನಾಲ್ಕು ಕೆಂಪು ಬಾಳೆಹಣ್ಣು ತರುವುದು ಅವಳ ರೂಢಿ. ನಾನು ನೀರಾವರಿ ಕಚೇರಿಯ ಗುಮಾಸ್ತ. ನೀರಿನ ಬಗ್ಗೆ ಎಷ್ಟೋ ಕಡತ ಕಟ್ಟಿದ್ದೇನೆ. ಆದರೂ ಈಜು ಬರುವುದಿಲ್ಲ. ಕಳೆದ ದಸರಾ ರಜೆಯಲ್ಲಿ ನಮ್ಮ ಹಳೆಯ ಕಾರಿನಲ್ಲಿ ಉಡುಪಿಗೆ ಹೊರಟೆವು. ನಾವಿಬ್ಬರೂ ಅಲ್ಲಿಯವರೆಗೆ ಸಮುದ್ರ ಕಂಡವರಲ್ಲ. ಹುಬ್ಬಳ್ಳಿಯಲ್ಲಿ ರಾತ್ರಿ ಉಳಿದು, ಘಟ್ಟ ಇಳಿದು, ಮರುದಿನ ಹನ್ನೊಂದರ ಹೊತ್ತಿಗೆ ಕುಮಟಾ ತಲುಪಿದೆವು. ಚಹಾ ಕುಡಿದು ಹೊರಡುವುದು ನನ್ನ ಯೋಜನೆ. ಸಂಜೆ ಐದಕ್ಕೆ ಉಡುಪಿಯ ಲಾಡ್ಜಿಗೆ ಮುಟ್ಟಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಪ್ರವಾಸವನ್ನೂ ಕಡತದಂತೆ ನಡೆಸುವವನು ನಾನು.

ಚಹಾದಂಗಡಿಯವನು, ಹತ್ತಿರದಲ್ಲೇ ಹೊಳೆ ಸಮುದ್ರ ಸೇರುವ ಜಾಗವಿದೆ, ನೋಡಿ ಹೋಗಿ ಎಂದ. ಹೋದೆವು. ಅಗಲವಾದ ಹೊಳೆ, ಎರಡೂ ದಡದಲ್ಲಿ ಕಪ್ಪು ಕೆಸರು. ಕೆಸರಿನಲ್ಲಿ ಒಂದು ದೋಣಿ ಮಗ್ಗುಲಾಗಿ ಬಿದ್ದಿತ್ತು. ಮೊಣಕಾಲುದ್ದ ಹೂತುಕೊಂಡು ಒಬ್ಬ ಹೆಂಗಸು ಚಿಪ್ಪಿ ಆರಿಸುತ್ತಿದ್ದಳು.

“ಅಕ್ಕಾ, ದೋಣಿ ಯಾಕ ಹಿಂಗ ಬಿದ್ದದ?” ಎಂದು ಮಹಾದೇವಿ ದಡದಿಂದಲೇ ಕೇಳಿದಳು.

“ಇಳಿತ ಅಲ್ವಾ ಈಗ. ಊಟದ ಹೊತ್ತಿಗೆ ನೀರು ತಿರುಗ್ತದೆ. ಆಮೇಲೆ ತನ್ನಷ್ಟಕ್ಕೇ ಎದ್ದು ನಿಲ್ತದೆ.”

ಮಹಾದೇವಿ ಅಲ್ಲಿದ್ದ ಕಲ್ಲಿನ ಮೇಲೆ ಕೂತಳು. ನಾನು ಗಡಿಯಾರ ನೋಡಿದೆ. ಕಾರಿನ ಕೀಲಿಕೈ ಆಡಿಸಿದೆ. ಕೊನೆಗೆ, “ಹೊತ್ತಾತು, ನಡಿ” ಎಂದೆ.

“ನೀರು ತಿರುಗೂತನ ನಾ ಬರಂಗಿಲ್ಲರೀ.”

“ಪುಸ್ತಕದಾಗ ಎಲ್ಲಾ ಅದ. ನೀನೇ ಪಾಠ ಮಾಡ್ತೀ.”

“ಅದಕ್ಕೇ” ಎಂದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು. ಹನ್ನೆರಡು ವರ್ಷದ ಹಿಂದೆ ಉಬ್ಬರ ಇಳಿತದ ಪಾಠ ನಡೆದಿದ್ದಾಗ ಅಂಬಿಕಾ ಎಂಬ ಹುಡುಗಿ ಎದ್ದು ನಿಂತು, ‘ಟೀಚರ್, ನೀವು ನೋಡೀರೇನ್ರೀ?’ ಎಂದು ಕೇಳಿದಳಂತೆ. ಇವಳು, ‘ಹೂಂ, ನೋಡೀನಿ’ ಎಂದಳಂತೆ. ‘ನೀರು ಏರುವಾಗ ಹ್ಯಾಂಗ ಕಾಣ್ತದ್ರೀ?’ ಎಂದು ಮತ್ತೆ ಕೇಳಿದಾಗ, ‘ಗೋಡಿಯಂಗ ಬರ್ತದ’ ಎಂದು ಹೇಳಿ ಕೂರಿಸಿದಳಂತೆ.

“ಆ ಹುಡುಗಿ ಅದನ್ನ ನೋಟ್‌ಬುಕ್ಕಿನಾಗ ಬರ್ಕೊಂಡಳ್ರೀ. ನಾ ನೋಡಿದೆ.”

ಹದಿನೆಂಟು ವರ್ಷ ಜೊತೆಗೆ ಬಾಳಿದವಳು ಇದನ್ನು ಒಮ್ಮೆಯೂ ಹೇಳಿರಲಿಲ್ಲ. ದಿನಕ್ಕೆ ಹತ್ತು ಕಡೆ ನೋಡದ್ದನ್ನು ನೋಡಿದೆನೆಂದು ರುಜು ಹಾಕುವ ನನಗೆ ಅದು ಮಹಾಪರಾಧವಾಗಿ ಕಾಣಲಿಲ್ಲ. ಹಾಗೆಂದು ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಫೋನು ತೆಗೆದೆ. ಬರುವುದು ತಡವಾಗುತ್ತದೆ ಎಂದು ಲಾಡ್ಜಿನವರಿಗೆ ತಿಳಿಸಿದೆ.

ಒಂದು ತೆಂಗಿನ ಸಿಪ್ಪೆ ಸಮುದ್ರದ ಕಡೆಗೆ ತೇಲಿ ಹೋಗುತ್ತಿತ್ತು. ನಾವಿಬ್ಬರೂ ಅದರ ಮೇಲೆ ಕಣ್ಣಿಟ್ಟೆವು. ಅದರ ಓಟ ನಿಧಾನವಾಯಿತು. ಆಮೇಲೆ ನಿಂತೇಬಿಟ್ಟಿತು. ಸುಮಾರು ಹೊತ್ತು ಹೊಳೆ ಯಾವ ಕಡೆಗೂ ಹೋಗದೆ ಕೆರೆಯಂತೆ ನಿಂತಿತ್ತು. ನಂತರ ಸಿಪ್ಪೆ ಮೆಲ್ಲಗೆ ಹೊರಳಿ, ಬಂದ ದಾರಿಯಲ್ಲೇ ಘಟ್ಟದ ಕಡೆಗೆ ಹೊರಟಿತು. ನೀರು ಇಳಿಜಾರಿಗೆ ಹರಿಯುತ್ತದೆ ಎಂಬುದರ ಮೇಲೆ ನನ್ನ ಇಡೀ ಇಲಾಖೆ ನಿಂತಿದೆ. ನಾನು ಎದ್ದು ನಿಂತೆ.

“ಗೋಡಿ ಎಲ್ಲದರೀ?” ಎಂದಳು ಮಹಾದೇವಿ. ಅವಳ ಕಣ್ಣು ತುಂಬಿದ್ದವು, ತುಟಿಯಲ್ಲಿ ನಗುವಿತ್ತು. “ಸಪ್ಪಳ ಸುದ್ದಾ ಇಲ್ಲ.”

ಚಿಪ್ಪಿಯ ಹೆಂಗಸು ಬುಟ್ಟಿ ಹೊತ್ತು ಮೇಲೆ ಬಂದಳು. ನಾವು ಕೊಟ್ಟ ಕೆಂಪು ಬಾಳೆಹಣ್ಣನ್ನು ಆಚೀಚೆ ತಿರುಗಿಸಿ ನೋಡಿ, ಯಾವ ಬದಿಯವರು ಎಂದು ವಿಚಾರಿಸಿದಳು. ಹೇಳಿದೆವು.

“ನಿಮ್ಮ ಬದಿಯ ಹೊಳೆ ತಿರುಗೂದಿಲ್ವಾ?”

“ಇಲ್ಲವ್ವ, ಒಂದೇ ಕಡಿ ಹೋಗ್ತದ” ಎಂದೆ.

“ಯಾವಾಗ್ಲೂ ಒಂದೇ ಬದಿಗಾ?” ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. “ಮತ್ತೆ ದೋಣಿ ಮನೆಗೆ ಹ್ಯಾಗೆ ಬರೂದು?”

ಮಾತಿನ ಗುಂಗಿನಲ್ಲಿ ನೀರು ನನ್ನ ಪಾದ ಮುಚ್ಚಿದ್ದೂ ತಿಳಿಯಲಿಲ್ಲ. ಮೂರರ ಹೊತ್ತಿಗೆ ದೋಣಿ ಅಲುಗಿತು, ಇನ್ನಷ್ಟು ಹೊತ್ತಿಗೆ ನೆಟ್ಟಗಾಯಿತು. ಯಾರೂ ಮುಟ್ಟಿರಲಿಲ್ಲ. ಉಡುಪಿ ತಲುಪಿದಾಗ ಕತ್ತಲಾಗಿತ್ತು, ನಾನು ಚೀಟಿಯನ್ನು ತೆಗೆದೂ ನೋಡಿರಲಿಲ್ಲ.

ಇದನ್ನೆಲ್ಲ ನಿನ್ನೆ ಬರೆಯಲು ಕೂತಿದ್ದೆ. ಆಗ ಮಹಾದೇವಿ ನನ್ನನ್ನು ಎಬ್ಬಿಸಿಕೊಂಡು ಸ್ಟೇಶನ್ ಬಜಾರಕ್ಕೆ ಹೊರಟಳು. ಅಂಬಿಕಾ ಅಲ್ಲಿ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ ಎಂದು ಯಾರೋ ಹಳೆಯ ವಿದ್ಯಾರ್ಥಿ ಹೇಳಿದ್ದನಂತೆ. ತಿಂಗಳುಗಟ್ಟಲೆ ಹೋಗಲೋ ಬೇಡವೋ ಎಂದು ತೂಗಿ, ನಿನ್ನೆ ಧೈರ್ಯ ಮಾಡಿದ್ದಳು.

ಗಿರಾಕಿಗಳು ಕಡಿಮೆಯಾಗುವವರೆಗೆ ಕಾದು, ಕೌಂಟರಿನ ಮುಂದೆ ನಿಂತು ಹೇಳಿದಳು. “ಅಂಬಿಕಾ, ಅವತ್ತು ನಾ ಸಮುದ್ರ ನೋಡಿರಲಿಲ್ಲವ್ವ. ನಿನಗ ಸುಳ್ಳು ಹೇಳಿದ್ದೆ. ಈ ದಸರಾ ರಜಾದಾಗ ನೋಡಿ ಬಂದೆ.”

ಅಂಬಿಕಾ ಮಾತ್ರೆಯ ಪೊಟ್ಟಣ ಕೆಳಗಿಟ್ಟಳು. “ನನಗ ಗೊತ್ತಿತ್ರೀ ಟೀಚರ್.”

“ಹ್ಯಾಂಗ?”

“ನಿಮಗ ಗೊತ್ತಿದ್ದದ್ದು ಹೇಳುವಾಗ ನೀವು ಭಾಳ ಹೊತ್ತು ಹೇಳ್ತಿದ್ರಿ. ಅವತ್ತು ಒಂದೇ ಮಾತಿನಾಗ ಮುಗಿಸಿದ್ರಿ.” ಆಮೇಲೆ ಕೌಂಟರಿನ ಮೇಲೆ ಮೊಣಕೈ ಊರಿದಳು. “ಈಗ ನೋಡಿ ಬಂದೀರಲ್ಲ, ಹೇಳ್ರಿ.”

ಮಹಾದೇವಿ ಹೇಳಿದಳು, ಭಾಳ ಹೊತ್ತು. ಕೆಮ್ಮಿನ ಔಷಧಿಗೆ ಬಂದ ಒಬ್ಬ ಆಟೋದವನೂ ನಿಂತು ಕೇಳಿದ. ಎಲ್ಲ ಕೇಳಿಸಿಕೊಂಡು ಅಂಬಿಕಾ, “ಹೊಳಿ ಹಿಂದಕ್ಕ ಹೊಂಟಾಗ ಸಿಹಿನೀರಿನ ಮೀನ ಏನ್ ಮಾಡ್ತಾವ್ರೀ?” ಎಂದಳು.

ನಾನು ಮಹಾದೇವಿಯ ಕಡೆ ತಿರುಗಿದೆ.

“ಗೊತ್ತಿಲ್ಲವ್ವ” ಎಂದಳು ಮಹಾದೇವಿ, ಬಹಳ ಹಗುರಾಗಿ. “ಅದನ್ನ ನಾ ಕೇಳಲೇ ಇಲ್ಲ ನೋಡು.”

ಮನೆಗೆ ಆಟೋದಲ್ಲಿ ಹೊರಟೆವು. ಐವಾನ್-ಎ-ಶಾಹಿ ರಸ್ತೆಯ ತಿರುವು ಬಂದಾಗ ನಾನು ಕೇಳಿದೆ, “ನಿಮ್ಮ ಸಾಲಿ ರಜಾ ಯಾವಾಗ ಶುರು?”

“ಯಾಕ್ರೀ?”

“ಕಾರಿನ ಹಿಂದಿನ ಸೀಟು ಖಾಲಿನೇ ಇರ್ತದ. ಅಂಬಿಕಾ ಬರ್ತಾಳೇನು, ಕೇಳು.”