ಫ್ಲಾಪಿಯ ಗೂಡಿಗೆ ಆಯ

ಇಲ್ಲ, ತೇಗ ಆಗಿರಲಾರದು. ತೇಗ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಕೇಳಿದವರೂ ತಲೆಯಾಡಿಸಿದ್ದಾರೆ. ಆದರೆ ಕಣ್ಣು ಮುಚ್ಚಿದರೆ ಕಾಣುವ ಬಣ್ಣ ಹಲಸಿನದು. ಅಪ್ಪ ಮಾಡಿಸಿದ ಆ ಪೆಟ್ಟಿಗೆ ಈಗ ಎಲ್ಲಿದೆಯೋ, ಹೋಗಿ ನೋಡುವಂತಿಲ್ಲ. ಮರದ ವಿಷಯ ಬಿಡುತ್ತೇನೆ. ಅಳತೆಯ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ, ಏಕೆಂದರೆ ಅದು ತಪ್ಪಾಗಿತ್ತು. ಸರಿಯಾದದ್ದನ್ನು ನಮ್ಮ ಮನೆಯಲ್ಲಿ ಯಾರೂ ನೆನಪಿಟ್ಟುಕೊಂಡವರಲ್ಲ.

ಅಪ್ಪ ಹೊಳೆನರಸೀಪುರದಲ್ಲಿ ಜಾತಕ ಬರೆಯುತ್ತಿದ್ದರು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಜಾತಕದ ಅಂಗಡಿಯೊಂದು ಶುರುವಾಯಿತು. ಹುಟ್ಟಿದ ಹೊತ್ತು ಹೇಳಿ, ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಬಂದರೆ ಅಚ್ಚಾದ ಜಾತಕ ಸಿದ್ಧ. ನಮ್ಮ ಜಗಲಿ ಖಾಲಿಯಾಯಿತು. ಊಟಕ್ಕೇನೂ ಕೊರತೆಯಿರಲಿಲ್ಲ. ಆದರೆ ಜನ ಬರುವುದು ನಿಂತ ಮೇಲೆ ಅಪ್ಪನಿಗೆ ತಾವು ಯಾರು ಎಂಬುದೇ ಮರೆತಂತಾಗಿತ್ತು. ಬೆಳಗ್ಗೆ ಒಗೆದ ಪಂಚೆ ಉಟ್ಟು ಜಗಲಿಯಲ್ಲಿ ಕೂರುವರು, ಮಧ್ಯಾಹ್ನ ಎದ್ದು ಒಳಗೆ ಬರುವರು.

"ಏನು, ಇವತ್ತೂ ಸೀಮೇಲಿ ಯಾರಿಗೂ ಮಕ್ಕಳಾಗಲಿಲ್ವೇ?" ಎಂದು ಅಮ್ಮ ಎಲೆ ಹಾಕುವರು.

ಹಾಸನದಲ್ಲಿ ಕೆಲಸದಲ್ಲಿದ್ದ ನಾನು ಒಂದು ಹಳೆಯ ಕಂಪ್ಯೂಟರು, ಒಂದು ಪ್ರಿಂಟರು, ಜಾತಕದ ಪ್ರೋಗ್ರಾಂ ಇದ್ದ ಒಂದು ಫ್ಲಾಪಿ ತಂದುಕೊಟ್ಟೆ. ಆ ಫ್ಲಾಪಿ ಹಾಕಿದರಷ್ಟೇ ಕಂಪ್ಯೂಟರಿಗೆ ಜ್ಯೋತಿಷ್ಯ ಬರುತ್ತಿತ್ತು; ಇಲ್ಲದಿದ್ದರೆ ಅದು ಬರಿಯ ಟೈಪ್‌ರೈಟರು. ಅಪ್ಪ ಬೇಡವೆನ್ನಲಿಲ್ಲ. ಒಂದೇ ಷರತ್ತು ಹಾಕಿದರು: ಪಂಚಾಂಗ, ಕವಡೆ, ಪೆನ್ನು, ಮೌಸು, ಫ್ಲಾಪಿ ಎಲ್ಲವೂ ಮೇಜಿನ ಮೇಲೆ ಒಂದೇ ಮರದ ಪೆಟ್ಟಿಗೆಯಲ್ಲಿ, ಒಂದೊಂದಕ್ಕೆ ಒಂದೊಂದು ಗೂಡಿನಲ್ಲಿ ಇರಬೇಕು. ಬಂದವರಿಗೆ ಎಲ್ಲವೂ ಒಂದೇ ಶಾಸ್ತ್ರವೆನ್ನಿಸಬೇಕು.

ಅರಕಲಗೂಡಿನಿಂದ ಆಚಾರ್ರು ಬಂದರು. ನಮ್ಮ ಮನೆಯ ಕಿಟಕಿಗಳನ್ನು ಮಾಡಿದ ಬಡಗಿ. ಉಳಿದಂತೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳಿಗೆ ಬಾಗಿಲು ಮಾಡುತ್ತಿದ್ದವರು. ನಾನು ಫ್ಲಾಪಿಯನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಕೊಟ್ಟೆ. ಅಪ್ಪ ಆ ಕಾಗದ ತೆಗೆದುಕೊಂಡು ಆಯದ ಲೆಕ್ಕ ಶುರುಮಾಡಿದರು. ಮನೆ ಕಟ್ಟುವಾಗ ಹಾಕುತ್ತಾರಲ್ಲ, ಅದೇ: ಅಳತೆಗಳನ್ನು ಗುಣಿಸಿ ಎಂಟರಿಂದ ಭಾಗಿಸಿದಾಗ ಒಂದು ಉಳಿದರೆ ಧ್ವಜಾಯ, ಶುಭ, ಎರಡು ಉಳಿದರೆ ಧೂಮಾಯ, ಹೊಗೆ.

"ಫ್ಲಾಪಿ ಗೂಡು ಧೂಮಾಯ ಬರತ್ತೆ ಆಚಾರ್ರೇ. ಆಳ ಒಂದು ಬೆರಳು ಜಾಸ್ತಿ ಮಾಡಿ."

"ಮನೆಗ್ ಆಯ ನೋಡ್ತೀವಿ ಜೋಯಿಸ್ರೇ, ಕೊಟ್ಗೆಗೂ ನೋಡ್ತೀವಿ. ಇದ್ರೊಳಗೆ ಯಾರ್ ಸಂಸಾರ ಮಾಡ್ತಾರೆ?"

"ಗ್ರಹಗಳು," ಎಂದರು ಅಪ್ಪ.

"ಧೂಮ ಬಂದ್ರೆ ಬರ್ಲಿ ಬುಡಿ. ನಮ್ಮೂರೇ ಒಗೆ ಮೇಲ್ ನಿಂತದೆ."

ಅಪ್ಪ ನಗಲಿಲ್ಲ. ನಕ್ಕರೆಂದೂ ಒಮ್ಮೊಮ್ಮೆ ನೆನಪಾಗುತ್ತದೆ. ನಗುವ ಅಪ್ಪ ಇಲ್ಲಿಗೆ ಹೊಂದುವುದಿಲ್ಲವೆಂದು ನಾನೇ ತೆಗೆದುಹಾಕಿರಬಹುದು. ಅಂತೂ ಆಳ ಒಂದು ಬೆರಳು ಹೆಚ್ಚಾಯಿತು. ಪೆಟ್ಟಿಗೆ ಚೆನ್ನಾಗಿಯೇ ಬಂತು. ಒರೆಸುವಾಗ ದಿಕ್ಕು ಬದಲಾಗಬಾರದೆಂದು ಅದನ್ನು ಪೂರ್ವಕ್ಕೆ ಮುಖಮಾಡಿಸಿ ಮೇಜಿಗೇ ಸ್ಕ್ರೂ ಹಾಕಿಸಿದರು.

ಒಳ್ಳೆಯ ದಿನ ನೋಡಿ ಪೂಜೆ ಮಾಡಿ, ಕುಂಕುಮ ಇಟ್ಟು, ಅಪ್ಪ ಫ್ಲಾಪಿಯನ್ನು ಅದರ ಗೂಡಿಗೆ ಇಳಿಸಿದರು. ಇಳಿಯಿತು. ಪೂರ್ತಿ ಇಳಿಯಿತು. ಬೆರಳು ಹೋಗದ ಸಂದಿಯಲ್ಲಿ, ಕೈಗೆ ಸಿಗದ ಆಳದಲ್ಲಿ ಬಿಗಿಯಾಗಿ ಕೂತುಬಿಟ್ಟಿತು. ಅಷ್ಟರಲ್ಲಿ ಚನ್ನರಾಯಪಟ್ಟಣದ ಕಡೆಯ ರೈತರೊಬ್ಬರು ಮಗಳ ಜಾತಕಕ್ಕೂ ಗಂಡಿನ ಜಾತಕಕ್ಕೂ ಕೂಡುತ್ತದೆಯೇ ನೋಡಿಸಲು ಬಂದು ಕೂತಿದ್ದರು.

"ಕಂಪ್ಯೂಟ್ರು ತರ್ಸವ್ರೆ ಅಂದ್ರು, ಅದ್ಕೇ ಬಂದೆ ಜೋಯಿಸ್ರೇ. ಇಲ್ದಿದ್ರೆ ನಮ್ಮೂರಲ್ಲೇ ಒಬ್ರವ್ರೆ."

ಅಮ್ಮ ಅಡುಗೆಮನೆಯಿಂದ ಇಕ್ಕಳ ತಂದರು. ನಾನು ಇಕ್ಕಳ ತೂರಿಸಿ ಎಳೆದೆ. ಫ್ಲಾಪಿಯ ತಗಡಿನ ಮುಚ್ಚಳ ಮಾತ್ರ ಕಿತ್ತು ಬಂತು.

"ಯಾಕ್ ಸಾ, ಗ್ರಹ ಒಳಗೇ ಸಿಕ್ಕಾಕ್ಕೊಂಡ್ವಾ?" ಎಂದರು ರೈತರು.

ಅಪ್ಪ ಪಂಚಾಂಗ ತೆಗೆದರು. ಪಂಚಾಂಗದ ಗೂಡು ಸರಿಯಾಗಿತ್ತು. ಕೈಯಲ್ಲೇ ಗುಣಿಸಿ, ಕೂಡಿಸಿ, ಕಾಗದದ ಮೇಲೆ ಬರೆದು, "ಕೂಡುತ್ತೆ ಕಣಯ್ಯಾ, ಧೈರ್ಯವಾಗಿ ಮಾಡು," ಎಂದರು.

ರೈತರು ಕಾಗದ ಮುಟ್ಟಲಿಲ್ಲ. "ನೀವ್ ಯೋಳಿದ್ರೆ ನಂಗ್ ಸಾಕು. ಗಂಡಿನ ಕಡೇರು ಕೈಬರಾ ಒಪ್ಪಾಕಿಲ್ಲ, ಅಚ್ಚಾಗಿರ್ಬೇಕಂತೆ. ಆಸನಕ್ಕೇ ಓಗ್ತೀನಿ ಬುಡಿ."

ಹಾಸನ ಎಂಬ ಮಾತು ಬಿದ್ದದ್ದೇ ಅಪ್ಪ ನನ್ನ ಕಡೆ ತಿರುಗಿದರು. "ನಾನು ಬರೆದದ್ದನ್ನ ಇದು ಅಚ್ಚು ಹಾಕತ್ತೋ?"

"ಹಾಕುತ್ತೆ."

"ಹಾಕು."

ನಾನು ಟೈಪ್ ಮಾಡಿದೆ. ಪ್ರಿಂಟರು ಕಿರ್ರೆಂದು ಕಿರುಚುತ್ತ, ಎರಡೂ ಅಂಚಿನಲ್ಲಿ ತೂತುಗಳಿದ್ದ ಹಾಳೆಯನ್ನು ಸಾಲು ಸಾಲಾಗಿ ಹೊರಹಾಕಿತು. ರೈತರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಮಾನಿಟರಿಗೆ ಕೈ ಮುಗಿದರು. ಮಾನಿಟರಿಗೆ ಎಂದೇ ನನ್ನ ನೆನಪು. ಅದರ ಹಿಂದಿನ ಗೋಡೆಯಲ್ಲಿ ದೇವರ ಪಟವೂ ಇತ್ತು.

ಜಗಲಿ ಮತ್ತೆ ತುಂಬಿತು. ಅಪ್ಪ ವಾರವೆಲ್ಲ ಹಿಂದಿನಂತೆಯೇ ಕೈಯಲ್ಲಿ ಲೆಕ್ಕ ಹಾಕಿಡುವರು. ಶನಿವಾರ ನಾನು ಬಸ್ಸಿಳಿದು ಬಂದು ಅಚ್ಚು ಹಾಕುವೆ. ಇಷ್ಟು ತಡ ಯಾಕೆಂದು ಕೇಳಿದವರಿಗೆ ಅಪ್ಪನ ಉತ್ತರ ಸಿದ್ಧವಿತ್ತು: "ನಮ್ಮದು ಆಳವಾಗಿ ನೋಡತ್ತೆ. ಹಾಸನದ್ದು ಒಂದು ಕಾಫಿ ಕುಡಿಯೋದ್ರೊಳಗೆ ಒಂದು ಜನ್ಮ ಮುಗಿಸತ್ತೆ ಅಂದ್ರೆ ನೀವೇ ಯೋಚನೆ ಮಾಡಿ." ಊರು ಅವರನ್ನು ಕಂಪ್ಯೂಟರ್ ಜೋಯಿಸರು ಎಂದು ಕರೆಯತೊಡಗಿತು. ಅಮ್ಮನೂ ಊಟಕ್ಕೆ ಹಾಗೆಯೇ ಕರೆದರು.

ಇನ್ನೊಂದು ಫ್ಲಾಪಿ ತರುತ್ತೇನೆ ಎಂದೆ. "ನೋಡೋಣ," ಎಂದರು. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಬೇಡವೆಂದೇ ಅರ್ಥ. ಆಚಾರ್ರು ಇನ್ನೊಮ್ಮೆ ಬಂದಾಗ, ಗೂಡಿಗೆ ಕೆಳಗೊಂದು ಚೂರು ಹಲಗೆ ಕೊಟ್ಟು ಎತ್ತರಿಸುತ್ತೇನೆ ಎಂದರು. ಅಪ್ಪ, "ಆಯ ಕೆಡತ್ತೆ," ಎಂದುಬಿಟ್ಟರು.

ಎರಡು ಸಾವಿರದ ನಂತರವೂ ಕೆಲವು ವರ್ಷ ಹೀಗೆಯೇ ನಡೆಯಿತು. ಶನಿವಾರಗಳಲ್ಲಿ ನಾನು ಪ್ರಿಂಟರ್ ಚಾಲೂ ಮಾಡಿದ ಕೂಡಲೇ ಅಪ್ಪ ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು, ಸದ್ದು ನಿಂತ ಮೇಲೆ ಬರುತ್ತಿದ್ದರು. ಆ ಕಿರ್ರೆನ್ನುವ ಸದ್ದು ಅವರ ಕಿವಿಗೆ ಹಿಡಿಸುತ್ತಿರಲಿಲ್ಲ ಎಂದು ಅಮ್ಮ ಹೇಳುತ್ತಿದ್ದರು. ಇರಬಹುದು. ತಮ್ಮ ಲೆಕ್ಕ ಬೇರೊಂದರ ಹೆಸರಿನಲ್ಲಿ ಮಾನ್ಯವಾಗುವುದನ್ನು ಕೇಳಿಸಿಕೊಳ್ಳಲಾರದೆ ಹೋಗುತ್ತಿದ್ದರೋ, ಅಲ್ಲಿ ನಿಂತು ಒಬ್ಬರೇ ನಗುತ್ತಿದ್ದರೋ, ನಾನು ಹಿಂದೆ ಹೋಗಿ ನೋಡಲಿಲ್ಲ. ನನಗೆ ಗೊತ್ತಿಲ್ಲ.