ಥಂಡಿಗೆ ಮಲಗಿದ ಹುಳುಗಳು

೨೦೦೨ರಲ್ಲಿ ನಾನು ಬೆಳಗಾವಿಯ ಖಾಸಬಾಗದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಪಶುವೈದ್ಯೆ. ಕುರಿಗಳ ಜಂತುಹುಳುವಿಗೆ ಹೊಸ ಔಷಧ ಹುಡುಕುವುದು ನಮ್ಮ ಕೆಲಸ. ಅದಕ್ಕೆಂದೇ ಆ ವರ್ಷ ಒಂದು ಚಿಪ್ ಬಂತು. ಎರಡು ಬೆರಳಗಲದ ಗಾಜು, ಅದರೊಳಗೆ ಕೂದಲೆಳೆಯಂಥ ಎರಡು ಕಾಲುವೆ. ಒಂದರಲ್ಲಿ ಔಷಧ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಎರಡಕ್ಕೂ ಹುಳುವಿನ ಮರಿಗಳನ್ನು ಬಿಟ್ಟು ಕಂಪ್ಯೂಟರಿನಲ್ಲಿ ಅವುಗಳ ಹೊರಳಾಟ ನೋಡಬೇಕು. ಔಷಧದಲ್ಲಿ ಹೊರಳಾಟ ನಿಂತು, ಬರೀ ನೀರಿನಲ್ಲಿ ಮುಂದುವರಿದರೆ ಔಷಧ ಗೆದ್ದಂತೆ.

ನಮ್ಮ ನಿರ್ದೇಶಕರು ಚಿಪ್ ಇಡುವ ಯಂತ್ರಕ್ಕೆ ಪೂಜೆ ಮಾಡಿಸಿ, ಕುಂಕುಮ ಹಚ್ಚಿ, ಎಸಿ ಕೋಣೆಯಲ್ಲಿ ಕೂರಿಸಿದರು. ಎಸಿ ಹಗಲಿರುಳು ಓಡುತ್ತಿತ್ತು. ನಾವು ಸ್ವೆಟರ್ ಹಾಕಿಕೊಂಡು ಒಳಗೆ ಹೋಗುತ್ತಿದ್ದೆವು. ಕುರಿಯ ಹೊಟ್ಟೆ ಸೇರಬೇಕಾದ ಹುಳುವಿಗೆ ಸ್ವೆಟರ್ ಹಾಕುವವರು ಯಾರು?

ಮೊದಲ ಪರೀಕ್ಷೆಯಲ್ಲಿ ಎರಡೂ ಕಾಲುವೆಯ ಹುಳುಗಳು ಅಲುಗಾಡಲಿಲ್ಲ. ಬರೀ ನೀರಿನವೂ ಏಕೆ ಸುಮ್ಮನಿವೆ ಎಂದು ಕೇಳಿದೆ.

"ಔಷಧ ಆ ಕಡೆನೂ ಸೋರಿರಬೇಕು ಬಿಡ್ರಿ. ಹುಳ ಸತ್ತಾವ, ಇನ್ನೇನ ಬೇಕು ನಿಮಗ?" ಎಂದರು ನಿರ್ದೇಶಕರು. ಅವತ್ತೇ ಜೀಪಿನಲ್ಲಿ ಹೊಸ ಔಷಧದ ಬಾಟಲಿಗಳು ಖಾನಾಪುರ ತಾಲ್ಲೂಕಿನ ಬೀಡಿ ಎಂಬ ಊರಿಗೆ ಹೊರಟವು, ಕುರಿ ಸಾಕುವ ಯಲ್ಲವ್ವನ ಮನೆಗೆ. ಹಳೆಯ ಔಷಧ ನಿಲ್ಲಿಸಿ ಇದನ್ನೇ ಕುಡಿಸಬೇಕೆಂದು ಹೇಳಿ ಕಳಿಸಿದರು. ಪರೀಕ್ಷೆಯ ಹುಳುಮರಿಗಳನ್ನು ಬೆಳೆಸಲು ಕುರಿಹಿಕ್ಕೆ ಕೊಟ್ಟವಳು ಅವಳೇ. ಅವಳ ಕುರಿಗಳಿಗೆ ಆಗಲೇ ಗದ್ದದ ಕೆಳಗೆ ಬಾವು ಬಂದಿತ್ತು. ಹುಳು ರಕ್ತ ಹೀರಿ ಹೀರಿ ಕುರಿ ನಿತ್ರಾಣವಾದ ಗುರುತು ಅದು.

ನನಗೆ ಸಮಾಧಾನವಾಗಲಿಲ್ಲ. ನಾಲ್ಕನೆಯ ದಿನ ನಿರ್ದೇಶಕರು ಇಲ್ಲದಾಗ ಎಸಿ ಆರಿಸಿ, ಅದೇ ಚಿಪ್ಪನ್ನು ಕುರಿಯ ಮೈಬಿಸಿಗೆ ತಂದೆ. ಸತ್ತವೆಂದುಕೊಂಡ ಹುಳುಗಳು ಎರಡೂ ಕಾಲುವೆಯಲ್ಲಿ ಹೊರಳಾಡತೊಡಗಿದವು. ಅಂದರೆ ಅವು ಥಂಡಿಗೆ ಮಲಗಿದ್ದವಷ್ಟೇ, ಔಷಧ ಏನನ್ನೂ ಮಾಡಿರಲಿಲ್ಲ.

ನಿರ್ದೇಶಕರು ಬಂದ ಕೂಡಲೇ ಓಡಿ ಹೋಗಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಎಸಿ ಯಾರ್ ಬಂದ್ ಮಾಡಿದ್ರಿ?" ಹಳೆಯ ಔಷಧ ಚೀಲಕ್ಕೆ ತುಂಬಿಕೊಂಡು ಬೀಡಿಯ ಬಸ್ಸು ಹತ್ತಿದೆ.

ತಡವಾಗಿತ್ತು. ಎರಡು ಗಬ್ಬದ ಕುರಿ ಸತ್ತಿದ್ದವು. "ಹಳೇ ಔಷಧ ಹಾಕಬ್ಯಾಡ ಅಂದ್ರಿ, ಹಾಕಲಿಲ್ಲರೀ ಅಕ್ಕಾರ," ಎಂದಳು ಯಲ್ಲವ್ವ. ಉಳಿದವಕ್ಕೆ ಇಬ್ಬರೂ ಸೇರಿ ಹಳೆಯದನ್ನೇ ಕುಡಿಸಿದೆವು. ಅವು ಬದುಕಿದವು.

ನಾನು ಅವಳನ್ನು ಬೆಳಗಾವಿಗೆ ಕರೆತಂದು ನಿರ್ದೇಶಕರ ಮುಂದೆ ನಿಲ್ಲಿಸಿದೆ. ಮೇವು ಕಡಿಮೆಯಾಗಿ ಸತ್ತಿರಬೇಕು ಎಂದರು ಮಹಾಶಯರು. ಯಲ್ಲವ್ವ ದನಿ ಏರಿಸಲಿಲ್ಲ.

"ನಿಮ್ಮ ಮಷಿನ್ನ್ಯಾಗ ಸತ್ತ ಹುಳ, ನನ್ನ ಕುರಿ ಹೊಟ್ಟ್ಯಾಗ ಹ್ಯಾಂಗ ಜೀವಂತ ಇದ್ವರಿ ಸಾಹೇಬ್ರ?"

ಅವರು ಎದ್ದು ಹೊರಗೆ ಹೋದರು. ನಾನು ಆ ಕೆಲಸ ಬಿಟ್ಟೆ.

ಔಷಧ ಮುಟ್ಟದ ಹುಳುವೂ ಸತ್ತಂತೆ ಕಂಡರೆ, ಮೊದಲು ಅನುಮಾನಿಸಬೇಕಾದದ್ದು ನಮ್ಮ ಪರೀಕ್ಷೆಯನ್ನು. ಪಾಠ ಇಷ್ಟೇ, ಯಾವ ಪಠ್ಯಪುಸ್ತಕದಲ್ಲೂ ಸಿಗುತ್ತದೆ. ಇದನ್ನು ಕಲಿಯಲು ಯಲ್ಲವ್ವನ ಕುರಿಗಳು ಸಾಯಬೇಕಿರಲಿಲ್ಲ.